ಹಸುವಿಗೆ ವಿಮೆ ಮಾಡಿಸೋದಾ, ಬಿಡೋದಾ? – ಕೊಟ್ಟಿಗೆ ಲೆಕ್ಕ

ಹೋದ ವಾರ ತೆಂಗಿಗೆ ಗೊಬ್ಬರ ಕೊಡೋ ವಿಚಾರ ಬರೆದಿದ್ದೆ. ಈ ಸಲ ತೋಟ ಬಿಟ್ಟು ಕೊಟ್ಟಿಗೆಗೆ ಬರೋಣ. ಡೈರಿ ಹತ್ರ ಸಿಕ್ಕೋರೆಲ್ಲ ಒಂದೇ ಮಾತು ಕೇಳ್ತಾ ಇದ್ದಾರೆ. "ರಾಸು ವಿಮೆ ಬಂದೈತಂತೆ, ಕಿವಿ ಓಲೆ ಹಾಕ್ತಾರಂತೆ, ಕಟ್ಟಿದ ದುಡ್ಡು ದಂಡ ತಾನೆ?" ಒಬ್ಬೊಬ್ಬರಿಗೂ ನಿಂತು ಉತ್ತರ ಹೇಳೋಕೆ ಆಗಲ್ಲ. ನನಗೆ ಗೊತ್ತಿರೋದನ್ನ, ನಾನು ಕ್ಲೇಮ್ ತಗೊಂಡ ಅನುಭವ ಸೇರಿಸಿ ಇಲ್ಲಿ ಬರೀತೀನಿ.

ಮೊದಲು ಒಂದು ವಿಷಯ ತಲೇಲಿ ಇರಲಿ. ಬೆಂಗಳೂರಲ್ಲಿರೋ ನಮ್ಮ ಅಕ್ಕನ ಮಗ ಅವನ ನಾಯಿಗೆ ವಿಮೆ ಮಾಡಿಸಿದಾನೆ. ನಾಯಿಗೆ ಕಾಲು ಮುರೀತು, ಆಪರೇಷನ್ ಆಯ್ತು, ಆಸ್ಪತ್ರೆ ಬಿಲ್ಲಲ್ಲಿ ಒಂದಷ್ಟನ್ನ ವಿಮೆಯೋರು ಕೊಟ್ರು. ನಮ್ಮ ರಾಸು ವಿಮೆ ಹಂಗಲ್ಲ. ಕೆಚ್ಚಲು ಬಾವು ಬಂದು ಸಾವಿರಾರು ರೂಪಾಯಿ ಇಂಜೆಕ್ಷನ್ನಿಗೆ ಹೋದ್ರೂ ಅದರಿಂದ ಒಂದು ಪೈಸೆ ಬರಲ್ಲ. ಹಸು ಸತ್ತರೆ ಮಾತ್ರ ದುಡ್ಡು. ಕೆಲವು ಪಾಲಿಸಿಯಲ್ಲಿ ಶಾಶ್ವತವಾಗಿ ಕೈಲಾಗದಂಗೆ ಆದ್ರೂ ಕೊಡ್ತಾರೆ, ಆದ್ರೆ ಸಾಮಾನ್ಯವಾಗಿ ವಿಮೆ ಮೊತ್ತದ ಶೇ 75ರವರೆಗೆ ಅಷ್ಟೆ. "ನಮ್ಮ ಹಸುಗೆ ಹುಷಾರಿಲ್ಲ, ವಿಮೆ ಐತೆ" ಅಂತ ಯಾರಾದ್ರೂ ಧೈರ್ಯವಾಗಿ ಕೂತಿದ್ರೆ ಅದು ಸುಳ್ಳು ಧೈರ್ಯ. ಔಷಧಿ ಖರ್ಚು ನಮ್ಮದೇ.

ಸಾಯೋದಕ್ಕೆ ಮಾತ್ರ ದುಡ್ಡು ಕೊಡೋದಾದ್ರೆ ಯಾಕೆ ಮಾಡಿಸಬೇಕು? ಇದಕ್ಕೆ ಉತ್ತರ ಕೊಟ್ಟಿಗೆಯಲ್ಲಿ ಇಲ್ಲ, ಅಟ್ಟದ ಮೇಲೈತೆ. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಸಣ್ಣ ರೈತರ ಮನೆ ಹೆಂಗೆ ನಡೀತದೆ ಅಂತ ನಿಮಗೇನು ಹೊಸದಾಗಿ ಹೇಳಬೇಕಾಗಿಲ್ಲ. ಕಾಯಿ ಅಟ್ಟಕ್ಕೆ ಏರಿದ್ರೆ ಉಂಡೆ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಅಲ್ಲೀತನಕ ದಿನಸಿ, ಮಕ್ಕಳ ಬಸ್ಸು, ಮಾತ್ರೆ, ಕೂಲಿ ಎಲ್ಲಾ ನಡೆಯೋದು ಡೈರಿ ಬಟವಾಡೇಲಿ. ಹಾಲು ಕರೆಯೋ ಹಸು ಒಂದು ಹೋಯ್ತು ಅಂದ್ರೆ ಎರಡು ಹೊಡೆತ. ಬಟವಾಡೆ ನಿಲ್ತದೆ, ಮತ್ತೆ ಹಸು ತರೋಕೆ ಒಂದೇ ಸಲಕ್ಕೆ ದೊಡ್ಡ ದುಡ್ಡು ಬೇಕು. ಆಗ ಏನು ಮಾಡ್ತೀವಿ? ಒಂದೋ ಸಾಲ, ಇಲ್ಲಾಂದ್ರೆ ಅಟ್ಟದ ಕಾಯಿ ಇಳಿಸೋದು.

ಕೊಬ್ಬರಿ ರೇಟು ಎಷ್ಟು ಆಟ ಆಡ್ತದೆ ಅಂತ ಎಲ್ರೂ ನೋಡಿದೀವಿ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಅಂತ ಇದ್ರೂ ತಿಪಟೂರು ಮಾರುಕಟ್ಟೇಲಿ ಅದಕ್ಕಿಂತ ಎಷ್ಟೋ ಕೆಳಗೆ ಹೋಗಿತ್ತು. ಅದೇ ಕೊಬ್ಬರಿ 2025ರಲ್ಲಿ 20,000 ದಾಟ್ತು. ಇಂಥ ಮಾರುಕಟ್ಟೇಲಿ ಯಾವ ವಾರ ಮಾರಬೇಕು ಅನ್ನೋದು ನಮ್ಮ ಕೈಲಿರಬೇಕು, ಸತ್ತ ಹಸುವಿನ ಕೈಲಿ ಇರಬಾರದು. ನನ್ನ ಲೆಕ್ಕದಲ್ಲಿ ರಾಸು ವಿಮೆ ಅಂದ್ರೆ ಅಟ್ಟ ಕಾಯೋ ವಿಮೆ.

ಈಗ ದುಡ್ಡಿನ ಲೆಕ್ಕ. ವರ್ಷದ ಪ್ರೀಮಿಯಂ ನೂರಕ್ಕೆ 3 ರೂಪಾಯಿ ಅಂತ ಇಟ್ಕೊಳ್ಳಿ. 60,000 ಬೆಲೆಯ ಹಸುವಿಗೆ 1,800 ಆಯ್ತು. ನೂರಕ್ಕೆ 3 ಅಂದ್ರೆ ಹೆಚ್ಚೂ ಕಡಿಮೆ 33 ಹಸುವಲ್ಲಿ ವರ್ಷಕ್ಕೆ ಒಂದು ಸತ್ತರೆ ಕಟ್ಟಿದ್ದೂ ಬಂದಿದ್ದೂ ಸರಿಸಮ. ನಿಮ್ಮೂರ ಡೈರಿಗೆ ಹಾಲು ಹಾಕೋ ಹಸು ಎಷ್ಟು, ಹೋದ ವರ್ಷ ಅದರಲ್ಲಿ ಸತ್ತವೆಷ್ಟು ಅಂತ ಕಾರ್ಯದರ್ಶಿ ಹತ್ರ ಕೂತು ಲೆಕ್ಕ ಹಾಕಿ. ಹತ್ತು ನಿಮಿಷದ ಕೆಲಸ. ಏಜೆಂಟ್ ಹೇಳೋದಕ್ಕಿಂತ ಆ ಲೆಕ್ಕ ಖಾತ್ರಿ.

ಸರ್ಕಾರದ ಸಹಾಯಧನ ಸೇರಿದ್ರೆ ಲೆಕ್ಕ ಪೂರಾ ಬದಲಾಗ್ತದೆ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ಮೊದಲು ರೈತರ ಪಾಲು ಒಬ್ಬೊಬ್ಬರಿಗೆ ಒಂದೊಂದು ಥರ ಇತ್ತು, ಶೇ 20, 30, 40, 50 ಅಂತ. 2024ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ಅದನ್ನ ಎಲ್ರಿಗೂ ಶೇ 15 ಅಂತ ಮಾಡ್ತು. ಉಳಿದಿದ್ದನ್ನ ಕೇಂದ್ರ 60, ರಾಜ್ಯ 40ರಂತೆ ಹಂಚ್ಕೊಳ್ತವೆ. ಅಂದ್ರೆ ಆ 1,800ರಲ್ಲಿ ನಮ್ಮ ಪಾಲು 270 ರೂಪಾಯಿ. ಒಂದು ಮೂಟೆ ಹಿಂಡಿ ಬೆಲೇನೂ ಅಲ್ಲ. ಆ ರೇಟಿಗೆ ಸಿಕ್ಕಿದ್ರೆ ಯೋಚನೆ ಮಾಡೋಕೇ ಹೋಗಬೇಡಿ, ಮಾಡಿಸಿ. ಸಹಾಯಧನದಲ್ಲಿ ಎಲ್ಲಾ ಹಸುವಿಗೂ ಎಲ್ಲಾ ಕಾಲದಲ್ಲೂ ಸಿಗಲ್ಲ, ಅದಕ್ಕೆ ಪಶು ಆಸ್ಪತ್ರೇಲೂ ಡೈರೀಲೂ ಮೊದಲೇ ಹೆಸರು ಕೊಟ್ಟಿರಬೇಕು.

ಪೂರ್ತಿ ದುಡ್ಡು ಕೈಯಿಂದಲೇ ಕಟ್ಟಬೇಕು ಅಂದ್ರೆ? ಆಗ ಎಷ್ಟು ರಾಸು ಐತೆ ಅನ್ನೋದರ ಮೇಲೆ ಹೋಗುತ್ತೆ. ಹತ್ತು ಹಸು ಇರೋರು ವರ್ಷಕ್ಕೆ 18,000 ಕಟ್ಟೋ ಬದಲು ಅದೇ ದುಡ್ಡನ್ನ ಬೇರೆ ಖಾತೇಲಿ ಇಟ್ರೆ ನಾಲ್ಕು ವರ್ಷಕ್ಕೆ ಒಂದು ಹಸುವಿನ ದುಡ್ಡು ಆಗೇ ಆಗ್ತದೆ. ಆದ್ರೆ ನಿಜವಾಗ್ಲೂ ಇಡಬೇಕು. ಒಂದೋ ಎರಡೋ ಹಸು ಇರೋರಿಗೆ ಈ ದಾರಿ ಇಲ್ಲ. ಸಾವು ನಾಲ್ಕು ವರ್ಷ ಕಾಯಲ್ಲ. ಅಂಥೋರು 1,800 ಕಟ್ಟಿದ್ರೂ ನಷ್ಟ ಅಂತ ನಾನು ಹೇಳಲ್ಲ.

ಇನ್ನು ಹಸುವಿನ ಬೆಲೆ. ಪ್ರೀಮಿಯಂ ಕಮ್ಮಿ ಆಗಲಿ ಅಂತ 70,000ದ ಹಸುವನ್ನ 40,000 ಅಂತ ಬರೆಸೋರು ಇದ್ದಾರೆ. ಸತ್ತ ದಿನ ಕೈಗೆ ಬರೋದೂ ಅಷ್ಟೇ. ಮಿಷನ್ನಿನ 2014–15ರ ಮಾರ್ಗಸೂಚೀಲಿ ಹಸು ದಿನಕ್ಕೆ ಕೊಡೋ ಹಾಲಿನ ಲೀಟರಿಗೆ 3,000, ಎಮ್ಮೆಗೆ 4,000ದಂತೆ ಕನಿಷ್ಠ ಬೆಲೆ ಕಟ್ಟಬೇಕು ಅಂತ ಹೇಳಿದ್ರು. 15 ಲೀಟರ್ ಹಸು ಅಂದ್ರೆ 45,000. ಅದು ಕನಿಷ್ಠ, ಗರಿಷ್ಠ ಅಲ್ಲ. ಬೆಲೆ ನಿರ್ಧಾರ ಮಾಡೋದು ರೈತ, ಡಾಕ್ಟ್ರು, ಕಂಪನಿಯೋರು ಮೂರೂ ಜನ ಕೂತು. ಡೈರಿಯ ಹಾಲಿನ ಪುಸ್ತಕ ಕೈಲಿ ಹಿಡ್ಕೊಂಡೇ ಮಾತಾಡಿ. ಬಾಯಲ್ಲಿ ಹೇಳೋ ಲೀಟರಿಗಿಂತ ಪುಸ್ತಕದ ಲೀಟರಿಗೆ ತೂಕ ಜಾಸ್ತಿ.

ಇನ್ನು ಕ್ಲೇಮ್ ವಿಚಾರ. ಎಲ್ರೂ ಸುಸ್ತಾಗೋದು ಇಲ್ಲೇ. ನಮ್ಮ ಮೂರನೇ ಸೂಲಿನ ಸೀಮೆ ಹಸು ಹೊಟ್ಟೆ ಉಬ್ಬರ ಬಂದು ಸತ್ತಾಗ ನಡೆದಿದ್ದು ಹೇಳ್ತೀನಿ. ಸಂಜೆ ಡಾಕ್ಟ್ರು ಬಂದು ಟ್ಯೂಬ್ ಹಾಕಿ ಔಷಧಿ ಕೊಟ್ಟು ಹೋದ್ರು. ಬೆಳಗಿನ ಜಾವ ನಾಲ್ಕು ಗಂಟೆಗೆ ಹೋಗೇಬಿಡ್ತು. ಮನೆಯೋಳು ಅರಿಶಿನ ಕುಂಕುಮ ಇಟ್ಟು ಅಳ್ತಾ ಕೂತ್ಲು. ಅಕ್ಕಪಕ್ಕದೋರು ಬಂದು "ಬಿಸಿಲು ಏರೋ ಮುಂಚೆ ಮಣ್ಣು ಮಾಡ್ರಪ್ಪ, ವಾಸನೆ ಹೊಡೀತದೆ" ಅಂತ ಗುಂಡಿ ತೋಡೋಕೆ ಗುದ್ದಲಿ ತಂದ್ರು. ಅವರದ್ದೇನೂ ತಪ್ಪಿಲ್ಲ, ಊರ ಪದ್ಧತಿ ಹಂಗೆ. ಆದ್ರೆ ಮಣ್ಣು ಮಾಡಿಬಿಟ್ರೆ ಕ್ಲೇಮೂ ಅದರ ಜೊತೆಗೇ ಮಣ್ಣಾಗ್ತದೆ. ಗುಂಡಿ ತೋಡಿ, ಹಸು ಮುಟ್ಟಬೇಡಿ ಅಂದೆ. ಹಸಿ ಗೋಣಿಚೀಲ ಹೊದಿಸಿ, ಕಿವಿ ಓಲೆ ನಂಬರು ಕಾಣೋ ಹಂಗೆ ನಾಲ್ಕು ಫೋಟೋ ಹೊಡೆದೆ. ಆರು ಗಂಟೆಗೆ ಕಂಪನಿ ನಂಬರಿಗೆ ಫೋನ್ ಮಾಡಿ ದೂರು ಸಂಖ್ಯೆ ಬರ್ಕೊಂಡೆ. ಡಾಕ್ಟ್ರು ಬಂದು ಮರಣೋತ್ತರ ಪರೀಕ್ಷೆ ಮುಗಿಸೋ ಹೊತ್ತಿಗೆ ಹನ್ನೊಂದು ಆಯ್ತು. ಆಮೇಲೆ ಮಣ್ಣು ಮಾಡಿದ್ವಿ. ಆ ಏಳು ಗಂಟೆ ಕಾಯೋದೇ ಕಷ್ಟ. ಹೊಟ್ಟೆಪಾಡಿನ ಲೆಕ್ಕ ಒಂದು ಕಡೆ, ಮನೆ ಮಗಳ ಥರ ಇದ್ದ ಹಸು ಅಂಗಳದಲ್ಲಿ ಬಿದ್ದಿರೋದು ಇನ್ನೊಂದು ಕಡೆ.

ಕಾಗದ ಎಲ್ಲಾ ಕೊಟ್ಟ ಮೇಲೆ ಕಂಪನಿಯಿಂದ ಬಂದ ಉತ್ತರ ಏನಂದ್ರೆ, ಪಾಲಿಸಿಯಲ್ಲಿರೋ ಓಲೆ ನಂಬರೂ ಸತ್ತ ಹಸುವಿನ ನಂಬರೂ ಹೊಂದಲ್ಲ. ಹನ್ನೆರಡು ಅಂಕಿಯಲ್ಲಿ ಕೊನೆಯದು 8 ಇರೋ ಕಡೆ ಅವರು 6 ಅಂತ ಟೈಪ್ ಮಾಡಿದ್ರು. ಪಾಲಿಸಿ ಬಂದ ವಾರವೇ ನಾನು ಅದನ್ನ ನೋಡಿ, ತಿದ್ದಿ ಕೊಡಿ ಅಂತ ಅರ್ಜಿ ಬರೆದು ಸೀಲ್ ಹಾಕಿಸಿದ ನಕಲು ಇಟ್ಕೊಂಡಿದ್ದೆ. ಅವರು ತಿದ್ದಿರಲಿಲ್ಲ. ಆ ನಕಲು, ಓಲೆ ಹಾಕಿದ ದಿನದ ಫೋಟೋ, ಡಾಕ್ಟ್ರ ಆರೋಗ್ಯ ಪತ್ರ ಮೂರನ್ನೂ ಇಟ್ಟು ಮತ್ತೆ ಕೊಟ್ಟೆ. ಎರಡೂವರೆ ತಿಂಗಳಿಗೆ 55,000 ಖಾತೆಗೆ ಬಂತು. ಹೊಸ ಹಸು 72,000 ಆಯ್ತು. ಮಿಕ್ಕ 17,000 ಹೆಂಗೋ ಹೊಂದಿಸಿದ್ವಿ. ಅಟ್ಟದ ಬಾಗಿಲು ತೆಗೀಲಿಲ್ಲ.

ಇದರಿಂದ ನಾನು ಹೇಳೋದಿಷ್ಟು. ಕ್ಲೇಮ್ ಗೆಲ್ಲೋದು ಹಸು ಸತ್ತ ದಿನ ಅಲ್ಲ, ಓಲೆ ಹಾಕಿದ ದಿನ. ಅವತ್ತು ಮಾಡಬೇಕಾದ್ದು:

ಒಂದು, ಓಲೆ ಕಿವೀಲಿರೋ ಹಂಗೆ ಹಸುವಿನ ಫೋಟೋ ಎರಡೂ ಮಗ್ಗುಲಿಂದ, ಮುಖದ್ದು ಬೇರೆ, ಜೊತೇಲಿ ನೀವೂ ನಿಂತಿದ್ದು ಒಂದು. ಮೊಬೈಲ್ ಹೋದ್ರೆ ಫೋಟೋನೂ ಹೋಗ್ತದೆ, ಮಗನ ಮೊಬೈಲಿಗೂ ಕಳಿಸಿ.

ಎರಡು, ಪಾಲಿಸಿ ಕಾಗದ ಬಂದ ದಿನವೇ ಕೊಟ್ಟಿಗೆಗೆ ತಗೊಂಡು ಹೋಗಿ ಒಂದೊಂದು ಅಂಕಿ ಕಿವಿ ನೋಡ್ಕೊಂಡು ಓದಿ. ಹೆಸರು, ಬ್ಯಾಂಕ್ ಖಾತೆ, ಹಸುವಿನ ಬಣ್ಣ, ಕೊಂಬು ಎಲ್ಲಾ. ತಪ್ಪಿದ್ರೆ ಅರ್ಜಿ ಕೊಟ್ಟು ಸೀಲ್ ಹಾಕಿದ ನಕಲು ತಗೊಳ್ಳಿ.

ಮೂರು, ಓಲೆ ಬಿದ್ದು ಹೋದ್ರೆ ಅವತ್ತೇ ಡಾಕ್ಟ್ರಿಗೂ ಕಂಪನಿಗೂ ತಿಳಿಸಿ ಹೊಸದು ಹಾಕಿಸಿ. ಓಲೆ ಇಲ್ಲ ಅಂದ್ರೆ ಕ್ಲೇಮ್ ಇಲ್ಲ. ಹಗ್ಗ ಉಜ್ಜಿ, ಗೋಡೆಗೆ ತಿಕ್ಕಿ ಓಲೆ ಹರಿಯೋದು ನಮ್ಮಲ್ಲಿ ಜಾಸ್ತಿ.

ನಾಲ್ಕು, ಕಾಲುಬಾಯಿ ಜ್ವರ, ಗಳಲೆ, ಚಪ್ಪೆ ರೋಗದ ಲಸಿಕೆ ಹಾಕಿಸಿದ ದಾಖಲೆ, ಔಷಧಿ ಚೀಟಿ ಒಂದೇ ಚೀಲದಲ್ಲಿ ಇಡಿ.

ಹಸು ಸತ್ತರೆ ತಕ್ಷಣ ಕಂಪನಿಗೆ ತಿಳಿಸಿ, ದೂರು ಸಂಖ್ಯೆ ತಗೊಳ್ಳಿ. ಓಲೆ ನೀವಾಗಿ ಕೀಳಬೇಡಿ. ಮೂಗು, ಗುದದಲ್ಲಿ ಕಪ್ಪು ರಕ್ತ ಸೋರ್ತಾ ಇದ್ರೆ ಯಾರೂ ಹತ್ರ ಹೋಗಬೇಡಿ, ಚರ್ಮ ಸುಲಿಯೋಕೂ ಬಿಡಬೇಡಿ. ಅದು ನೆರಡಿ ರೋಗ ಇರಬಹುದು, ಮನುಷ್ಯರಿಗೂ ಹರಡ್ತದೆ. ಅಂಥ ಹಸುವನ್ನ ಕೊಯ್ಯೋ ಹಂಗಿಲ್ಲ, ರಕ್ತದ ಪರೀಕ್ಷೆ ಮೇಲೆ ಡಾಕ್ಟ್ರೇ ಬರೆದು ಕೊಡ್ತಾರೆ. ಮಿಷನ್ನಿನ ಮಾರ್ಗಸೂಚಿ ಪ್ರಕಾರ ಕೊಡಬೇಕಾದ್ದು ನಾಲ್ಕೇ ಕಾಗದ: ಸತ್ತ ವಿಷಯ ತಿಳಿಸಿದ್ದು, ಪಾಲಿಸಿ, ಕ್ಲೇಮ್ ಅರ್ಜಿ, ಮರಣೋತ್ತರ ವರದಿ. ಎಲ್ಲಾ ಕೊಟ್ಟ ಮೇಲೆ 15 ದಿನದೊಳಗೆ ದುಡ್ಡು ಹಾಕಬೇಕು, ತಡ ಆದ್ರೆ ವರ್ಷಕ್ಕೆ ಶೇ 12 ಬಡ್ಡಿ ಸೇರಿಸಿ ಕೊಡಬೇಕು ಅಂತಲೂ ಅದರಲ್ಲೇ ಐತೆ. ಈ ಮಾತನ್ನ ಅರ್ಜೀಲಿ ಬರೆದು ಕೇಳಿ, ಬಾಯಲ್ಲಿ ಜಗಳ ಆಡಬೇಡಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. 2019ರ ಕಾಯ್ದೆ ಬಂದ ಮೇಲೆ ಐದು ಲಕ್ಷದ ಒಳಗಿನದಕ್ಕೆ ಶುಲ್ಕ ಇಲ್ಲ.

ಯಾವುದಕ್ಕೆ ಸಿಗಲ್ಲ ಅನ್ನೋದೂ ತಿಳ್ಕೊಳ್ಳಿ. ಕಳ್ಳತನ ಆದ್ರೆ ಸಾಮಾನ್ಯವಾಗಿ ಇಲ್ಲ. ಪಾಲಿಸಿ ಶುರುವಾದ ಮೊದಲ 15 ದಿನದಲ್ಲಿ ಬಂದ ಕಾಯಿಲೆಗೆ ಇಲ್ಲ, ಅಪಘಾತಕ್ಕೆ ಮಾತ್ರ ಐತೆ. ವಿಮೆ ಇರೋ ಹಸು ಸಂತೇಲಿ ತಂದ್ರೆ ಪಾಲಿಸಿ ನಿಮ್ಮ ಹೆಸರಿಗೆ ವರ್ಗ ಆಗಬೇಕು, ಇಲ್ಲಾಂದ್ರೆ ಅದು ಮಾರಿದೋನ ಹೆಸರಲ್ಲೇ ಉಳೀತದೆ. ಎಲ್ಲಾ ಪಾಲಿಸೀನೂ ಒಂದೇ ಥರ ಇರಲ್ಲ, ನಿಮ್ಮದನ್ನ ಓದ್ಸಿ ಕೇಳಿ.

ಕೆಲವರು "ಸರ್ಕಾರ ಕೊಡ್ತದಲ್ಲ, ವಿಮೆ ಯಾಕೆ" ಅಂತಾರೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ಅಂತ ಘೋಷಣೆ ಆಯ್ತು, ನಿಜ. ಅನುಗ್ರಹ ಯೋಜನೇಲೂ ಆಕಸ್ಮಿಕವಾಗಿ ಸತ್ತ ಹಸು, ಎಮ್ಮೆಗೆ ಇದ್ದ 10,000ವನ್ನ 2025ರ ಬಜೆಟ್ಟಿನಲ್ಲಿ 15,000 ಮಾಡಿದ್ರು. ಬಂದ್ರೆ ಒಳ್ಳೇದೇ. ಆದ್ರೆ 15,000ಕ್ಕೆ ಇವತ್ತು ಕಡಸು ಕೂಡ ಸಿಗಲ್ಲ.

ನಮ್ಮ ಕೊಟ್ಟಿಗೇಲಿ ಈಗ ಮೂರು ರಾಸು ಅವೆ. ಹಾಲು ಕರೆಯೋ ಎರಡಕ್ಕೂ ವಿಮೆ ಐತೆ. ಮೂರನೇದು ಹಳೇ ಹಸು, ಹತ್ತು ವರ್ಷ ದಾಟೈತೆ. ಆ ವಯಸ್ಸಿನ ಮೇಲೆ ಸಾಮಾನ್ಯವಾಗಿ ಕಂಪನಿ ತಗೊಳ್ಳಲ್ಲ, ನಾನೂ ಕೇಳೋಕೆ ಹೋಗಲಿಲ್ಲ. ಅದು ಇರೋವರೆಗೂ ಹುಲ್ಲು ಹಾಕೋದು, ಅದಕ್ಕೆ ಲೆಕ್ಕ ಇಲ್ಲ. ಒಂದು ಹಸುವಿನ ಪಾಲಿಸಿ ಮುಂದಿನ ತಿಂಗಳು ಮುಗೀತದೆ. ಹೊಸದಾಗಿ ಮಾಡಿಸೋವಾಗ ಬೆಲೆ ಈಗಿನ ಹಾಲಿನ ಲೆಕ್ಕದಲ್ಲಿ ಹೆಚ್ಚಿಸಿ ಬರೆಸಬೇಕು. ನಿಮ್ಮದೂ ಯಾವ ತಾರೀಕಿಗೆ ಮುಗೀತದೆ ಅಂತ ಇವತ್ತು ಸಂಜೆ ಹಾಲು ಹಾಕಿ ಬಂದ ಮೇಲೆ ಒಂದ್ಸಲ ತೆಗೆದು ನೋಡಿ.