ಒಂದು ಸೊನ್ನೆಯ ಕಥೆ

ರಾಯಚೂರಿನಿಂದ ಉತ್ತರಕ್ಕೆ ಸುಮಾರು ಇಪ್ಪತ್ತು ಕಿಲೊಮೀಟರ್ ದೂರದಲ್ಲಿ, ಕೃಷ್ಣಾ ನದಿಯ ದಡದ ಮೇಲೆ ಶಕ್ತಿನಗರವಿದೆ. ಅಲ್ಲಿಯ ಉಷ್ಣ ವಿದ್ಯುತ್ ಕೇಂದ್ರದ ಮೊದಲ ಘಟಕವು 1985ರಲ್ಲಿ ಆರಂಭವಾಯಿತು. ನನ್ನ ಅಣ್ಣನಿಗೆ ಅಲ್ಲಿ ನೌಕರಿ ದೊರೆತು, ಅವನ ಬೆನ್ನು ಹಿಡಿದು ನಾನೂ ಆ ಹೊಸ ಊರಿಗೆ ಬಂದೆನು. ಆಗಷ್ಟೇ ಪಿ.ಯು.ಸಿ. ಮುಗಿಸಿದ್ದ ನನಗೆ ಕೆಲಸವಿರಲಿಲ್ಲ. ಅಣ್ಣನ ಕೆಲಸವೋ ಗಂಟೆಗೊಮ್ಮೆ ಮಾಪಕಗಳ ಮುಳ್ಳು ನೋಡಿ ಪುಸ್ತಕದಲ್ಲಿ ಬರೆದಿಡುವುದು. ಉಗಿಯ ಒತ್ತಡ, ನೀರಿನ ಮಟ್ಟ, ಕುಲುಮೆಯ ಶಾಖ, ಉರಿದ ಕಲ್ಲಿದ್ದಲಿನ ತೂಕ, ಹೀಗೆ ಅಲ್ಲಿ ಅಳತೆಗೆ ಸಿಗದ ವಸ್ತುವೇ ಇರಲಿಲ್ಲ.

ಕೆಲವು ತಿಂಗಳ ಮೇಲೆ ನನಗೂ ಒಂದು ತಾತ್ಕಾಲಿಕ ಕೆಲಸ ಸಿಕ್ಕಿತು. ದೇವದುರ್ಗ ಮತ್ತು ಮಾನವಿಯ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಾರುಹುಣ್ಣಿನ ರೋಗಿಗಳನ್ನು ಹುಡುಕಿ ಪಟ್ಟಿ ಮಾಡುವ ಕೆಲಸ. ಇದನ್ನು ಕೇಳಿ ಅಣ್ಣ ನಕ್ಕುಬಿಟ್ಟನು. "ನಮ್ಮಲ್ಲಿ ಉಗಿಗೂ ಮೀಟರ್ ಐತಿ, ನೀರಿಗೂ ಐತಿ. ನಿಮ್ಮ ನಾರುಹುಣ್ಣಿಗೆ ಎಲ್ಲಿ ಐತೋ ತಮ್ಮಾ ಮೀಟರ್?" ಎಂದನು. ಆ ದಿನ ನನ್ನ ಬಳಿ ಉತ್ತರವಿರಲಿಲ್ಲ.

ನಾರುಹುಣ್ಣು ಎಂಬ ಹೆಸರನ್ನು ಈಗಿನ ಮಕ್ಕಳಾದ ನೀವು ಕೇಳಿರಲಾರಿರಿ. ಕೇಳದಿರುವುದೇ ನಿಮ್ಮ ಭಾಗ್ಯ. ಕಾಲಿನಲ್ಲಿ ಒಂದು ಬೊಕ್ಕೆ ಎದ್ದು, ಬೆಂಕಿ ತಗಲಿದಂತೆ ಉರಿದು, ಒಡೆದು, ಅದರೊಳಗಿಂದ ಬಿಳಿಯ ನಾರಿನಂಥ ಹುಳುವೊಂದು ಹೊರಗೆ ತಲೆ ಹಾಕುತ್ತದೆ. ಅದರ ಉದ್ದ ಸುಮಾರು ಎರಡು ಮೂರು ಅಡಿ. ಎಳೆದರೆ ತುಂಡಾಗಿ ಒಳಗೇ ಕೀವು ತುಂಬುವುದು. ಆದುದರಿಂದ ಸಣ್ಣ ಕಡ್ಡಿಯೊಂದಕ್ಕೆ ದಿನಕ್ಕೆ ಇಷ್ಟಿಷ್ಟೇ ಸುತ್ತಿಕೊಳ್ಳುತ್ತ ವಾರಗಟ್ಟಲೆ ಕಾಯಬೇಕು. ಇದಕ್ಕೆ ಔಷಧಿಯಿಲ್ಲ, ಲಸಿಕೆಯೂ ಇಲ್ಲ. ಒಮ್ಮೆ ಬಂದುಹೋದರೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ರೋಗಿ ಸಾಯುವುದು ಅಪರೂಪ. ಆದರೆ ಅವನು ಹೊಲಕ್ಕೆ ಹೋಗಲಾರ, ನೀರು ತರಲಾರ, ಶಾಲೆಯ ದಾರಿ ನಡೆಯಲಾರ.

ರೋಗ ಬರುವ ಬಗೆ ವಿಚಿತ್ರವಾದುದು. ನಮ್ಮ ಸೀಮೆಯಲ್ಲಿ ಆಗ ಮೆಟ್ಟಿಲ ಬಾವಿಗಳು ಬಹಳ. ಜನ ಮೆಟ್ಟಿಲಿಳಿದು, ಕಾಲನ್ನು ನೀರಿನಲ್ಲಿಟ್ಟು ಕೊಡ ತುಂಬುತ್ತಿದ್ದರು. ಉರಿಯುವ ಕಾಲು ತಣ್ಣೀರಿಗೆ ತಾಗಿದೊಡನೆ ಹುಳುವು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತದೆ. ಆ ಮರಿಗಳನ್ನು ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜಲಜೀವಿ ನುಂಗುತ್ತದೆ. ಆ ಜಲಜೀವಿಯನ್ನು ನೀರಿನೊಡನೆ ಮನುಷ್ಯ ನುಂಗುತ್ತಾನೆ. ರಷ್ಯದ ವಿಜ್ಞಾನಿ ಫೆಡ್ಚೆಂಕೊ 1870ರಲ್ಲಿ ಈ ಗುಟ್ಟನ್ನು ಕಂಡುಹಿಡಿದನು. ಕುಡಿದ ನೀರಿನ ಫಲ ಮೈಮೇಲೆ ಕಾಣಿಸುವುದು ಸುಮಾರು ಒಂದು ವರ್ಷದ ಮೇಲೆ. ಈ ಒಂದು ವರ್ಷದ ಅಂತರವನ್ನು ನೀವು ನೆನಪಿನಲ್ಲಿಡಬೇಕು. ನನ್ನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ಭಾರತದಲ್ಲಿ ಈ ರೋಗವನ್ನು ನಿರ್ಮೂಲ ಮಾಡುವ ಕಾರ್ಯಕ್ರಮ 1983-84ರಲ್ಲಿ ಆರಂಭವಾಯಿತು. 1984ರಲ್ಲಿ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳು ಪತ್ತೆಯಾದರು. ಆ ಏಳರಲ್ಲಿ ನಮ್ಮ ಕರ್ನಾಟಕವೂ ಒಂದು. ಕರ್ನಾಟಕದಲ್ಲಿ ರಾಯಚೂರು ಜಿಲ್ಲೆಯೂ ಒಂದು. ಹುಡುಕಲು ಹೊರಟಮೇಲೆ ಎಷ್ಟೋ ಕಡೆ ರೋಗಿಗಳ ಸಂಖ್ಯೆ ಇದ್ದಕ್ಕಿದ್ದಂತೆ ಏರಿದಂತೆ ಕಾಣುವುದುಂಟು. ರೋಗ ಹೆಚ್ಚಿದ್ದಲ್ಲ, ಕಣ್ಣು ತೆರೆದದ್ದು. 2020ರಲ್ಲಿ ಕೊರೋನಾ ಬಂದಾಗ ಪ್ರತಿದಿನ ಸಂಜೆ ಅಂಕಿಗಳನ್ನು ಓದುತ್ತಿದ್ದೆವಲ್ಲ, ಆಗಲೂ ಹೀಗೆಯೇ. ಎಷ್ಟು ಜನರನ್ನು ಪರೀಕ್ಷಿಸಿದರೆಂಬುದು ತಿಳಿಯದೆ ಎಷ್ಟು ಜನರಿಗೆ ರೋಗವೆಂಬುದನ್ನು ಮಾತ್ರ ಓದಿ ಗಾಬರಿಯಾದವರೂ ಉಂಟು, ನಿಶ್ಚಿಂತರಾದವರೂ ಉಂಟು.

ನಮ್ಮ ತಂಡಕ್ಕೆ ಹಿರಿಯರಾದ ಆರೋಗ್ಯ ಸಹಾಯಕರೊಬ್ಬರಿದ್ದರು. ನಾವೆಲ್ಲ ಅವರನ್ನು ಸರ್ ಎನ್ನುತ್ತಿದ್ದೆವು. ಮೊದಲ ದಿನ ಅವರು ಕೇಳಿದ ಪ್ರಶ್ನೆ ನನಗಿನ್ನೂ ನೆನಪಿದೆ. "ಒಬ್ಬನ ಕಾಲಿನಲ್ಲಿ ಮೂರು ನಾರು ಬಂದಿವೆ. ಪಟ್ಟಿಯಲ್ಲಿ ಎಷ್ಟು ಬರೆಯುತ್ತೀ?" ನಾನು ಮೂರು ಎಂದೆನು. "ನಾವು ಹುಳುಗಳನ್ನು ಎಣಿಸಲು ಬಂದಿಲ್ಲ, ಮನುಷ್ಯರನ್ನು ಎಣಿಸಲು ಬಂದಿದ್ದೇವೆ. ಒಂದು ಎಂದು ಬರೆ" ಎಂದರು. ಕಾಲು ಬಾತವರೆಲ್ಲರನ್ನೂ ಬರೆಯುವಂತಿರಲಿಲ್ಲ. ಮುಳ್ಳು ಚುಚ್ಚಿ ಕೀವಾದವರನ್ನೂ ಬರೆಯುವಂತಿರಲಿಲ್ಲ. ಹುಣ್ಣಿನಿಂದ ಹುಳು ಹೊರಬಂದಿರಬೇಕು. ಯಾರನ್ನು ರೋಗಿಯೆಂದು ಕರೆಯುವೆವೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳದಿದ್ದರೆ ಒಂದು ಊರಿನ ಲೆಕ್ಕವನ್ನು ಇನ್ನೊಂದು ಊರಿನ ಲೆಕ್ಕದೊಡನೆ ಹೋಲಿಸಲು ಬರುವುದಿಲ್ಲ. ಒಬ್ಬನು ಸೇರಿನಿಂದಲೂ ಇನ್ನೊಬ್ಬನು ಮೊಳದಿಂದಲೂ ಅಳೆದಂತಾಗುತ್ತದೆ.

ಅವರು ಇನ್ನೊಂದು ಪ್ರಶ್ನೆಯನ್ನೂ ಕೇಳಲು ಕಲಿಸಿದರು: "ಹೋದ ವರ್ಷ ಈ ದಿನಗಳಲ್ಲಿ ಎಲ್ಲಿಯ ನೀರು ಕುಡಿದಿರಿ?" ನಮ್ಮ ಕಡೆ ಬೇಸಿಗೆಯಲ್ಲಿ ಜನ ಕೂಲಿಗಾಗಿ ದೂರದೂರುಗಳಿಗೆ ಗುಳೆ ಹೋಗುತ್ತಾರೆ. ಇಂದು ಇಲ್ಲಿ ಕಂಡ ಹುಣ್ಣು ಹೋದ ವರ್ಷ ಮತ್ತೆಲ್ಲಿಯೋ ಕುಡಿದ ನೀರಿನದಾಗಿರಬಹುದು. ಹಾಗಾದರೆ ರೋಗಿ ಇಲ್ಲಿಯವನು, ದೋಷವುಳ್ಳ ಬಾವಿ ಅಲ್ಲಿಯದು. ಹಾಗೆಂದು ಇಲ್ಲಿಯ ಬಾವಿಯನ್ನು ಮರೆಯುವಂತಿಲ್ಲ. ಅವನು ಈಗ ಅದಕ್ಕೆ ಕಾಲಿಟ್ಟರೆ ಮುಂದಿನ ವರ್ಷ ಅದೂ ದೋಷದ ಬಾವಿಯೇ.

ಎಷ್ಟು ಜನರಿಗೆ ರೋಗವಿದೆ ಎಂಬ ಮಾತಿನಲ್ಲಿಯೂ ಎರಡು ಅರ್ಥಗಳಿವೆ ಎಂಬುದು ನನಗೆ ತಡವಾಗಿ ತಿಳಿಯಿತು. ಜೋಳ ತುಂಬಿಡುವ ಹಗೇವನ್ನು ನೆನೆಯಿರಿ. ಈ ವರ್ಷ ಹೊಸದಾಗಿ ಎಷ್ಟು ಚೀಲ ಹಾಕಿದೆವು ಎನ್ನುವುದು ಒಂದು ಲೆಕ್ಕ. ಈ ಹೊತ್ತು ಹಗೇವಿನಲ್ಲಿ ಒಟ್ಟು ಎಷ್ಟು ಚೀಲ ಇವೆ ಎನ್ನುವುದು ಬೇರೊಂದು ಲೆಕ್ಕ. ಹಳೆಯ ಜೋಳ ಖರ್ಚಾಗದೆ ಉಳಿದಿದ್ದರೆ ಹೊಸದು ಕಡಿಮೆಯಾದರೂ ಹಗೇವು ತುಂಬಿಯೇ ಇರುವುದು. ವರ್ಷಗಟ್ಟಲೆ ಉಳಿಯುವ ಕುಷ್ಠದಂಥ ರೋಗದಲ್ಲಿ ಈ ಎರಡೂ ಲೆಕ್ಕಗಳು ದೂರದೂರ ನಿಲ್ಲುತ್ತವೆ. ನಾರುಹುಣ್ಣು ಕೆಲವು ವಾರಗಳಲ್ಲಿ ಮಾಯುವಂಥದು. ಆದುದರಿಂದ ಒಂದು ದಿನ ಊರಿಗೆ ಹೋಗಿ ತಲೆ ಎಣಿಸಿ ಬಂದರೆ ಮೊನ್ನೆ ಮಾಯ್ದವನೂ ನಾಳೆ ಬೊಕ್ಕೆ ಏಳುವವನೂ ತಪ್ಪಿಹೋಗುತ್ತಾರೆ. ಅದಕ್ಕಾಗಿಯೇ ಮತ್ತೆ ಮತ್ತೆ ಹೋಗಬೇಕಾಗಿತ್ತು.

ಆ ಮೊದಲ ಬೇಸಿಗೆಯಲ್ಲಿ ನಾನು ಮಾಡಿದ ತಪ್ಪನ್ನು ಈಗ ಹೇಳಬೇಕು. ದೇವದುರ್ಗದ ಕಡೆಯ ಒಂದು ಹಳ್ಳಿ. ನೂರಾರು ಮನೆಗಳನ್ನು ನೋಡಿ ಮುಗಿಸುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಆ ಬಿಸಿಲನ್ನು ರಾಯಚೂರಿನವರೇ ಬಲ್ಲರು. ಹಳ್ಳಿಯಿಂದ ಮೂರು ಕಿಲೊಮೀಟರ್ ಆಚೆ, ಹೊಲಗಳ ನಡುವೆ, ಹನ್ನೆರಡು ಮನೆಗಳ ಒಂದು ದೊಡ್ಡಿಯಿತ್ತು. ಹೊಲದಲ್ಲಿಯೇ ಮನೆ ಕಟ್ಟಿಕೊಂಡು ಇರುವವರ ಇಂಥ ದೊಡ್ಡಿಗಳು ಆ ಸೀಮೆಯಲ್ಲಿ ಹಲವು. ಅಲ್ಲಿಗೆ ಹೋದರೆ ಸಂಜೆಯ ಬಸ್ಸು ತಪ್ಪುವುದು. ಹಳ್ಳಿಯ ಕಟ್ಟೆಯ ಮೇಲೆ ಕುಳಿತವರೊಬ್ಬರನ್ನು ಕೇಳಿದೆನು. "ದೊಡ್ಡಿಯಾಗ ಏನೂ ಇಲ್ಲ ಬಿಡ್ರಿ" ಎಂದರು. ನಾನು ಬಿಟ್ಟೆನು. ಪಟ್ಟಿಯಲ್ಲಿ ದೊಡ್ಡಿಯ ಹೆಸರಿನ ಮುಂದೆ ಒಂದು ದುಂಡನೆಯ ಸೊನ್ನೆ ಬರೆದು ಬಸ್ಸು ಹತ್ತಿದೆನು. ಆ ರಾತ್ರಿ ಶಕ್ತಿನಗರದ ಮನೆಯಲ್ಲಿ ನನಗೆ ಒಳ್ಳೆಯ ನಿದ್ದೆಯೇ ಬಂದಿತೆಂದು ತೋರುತ್ತದೆ.

ಮರುವರ್ಷದ ಬೇಸಿಗೆಯಲ್ಲಿ ಅದೇ ಹಳ್ಳಿಗೆ ಹೋದಾಗ ಶಾಲೆಯ ಮಾಸ್ತರರು, "ದೊಡ್ಡಿಯ ಹುಡುಗನೊಬ್ಬ ವಾರ್ಷಿಕ ಪರೀಕ್ಷೆಗೆ ಬರಲಿಲ್ಲ. ಕಾಲಿಗೆ ನಾರಾಗಿದೆಯಂತೆ" ಎಂದರು. ಈ ಸಲ ನಡೆದುಹೋದೆನು. ನಿಮ್ಮಷ್ಟೇ ವಯಸ್ಸಿನ ಹುಡುಗ, ಹೊರಸಿನ ಮೇಲೆ ಕಾಲು ಚಾಚಿ ಮಲಗಿದ್ದನು. ಪಾದದ ಬಳಿ ಕಟ್ಟಿದ ಕಡ್ಡಿಗೆ ನಾರು ಸುತ್ತಿತ್ತು. ಪಕ್ಕದ ಮನೆಗಳಲ್ಲಿ ಇನ್ನಿಬ್ಬರಿದ್ದರು. ನಾನು ಪಟ್ಟಿ ತೆಗೆದಾಗ ಹುಡುಗನ ಅಜ್ಜಿ ಹೊರಗೆ ಬಂದಳು. ತನ್ನ ಹಿಮ್ಮಡಿಯ ಮೇಲಿನ ಕಲೆಯನ್ನು ತೋರಿಸಿ, "ಹ್ವಾದ ವರ್ಷ ನನಗಾಗಿತ್ತು. ಯಾರೂ ಬರಲಿಲ್ಲ. ಯಾಕ ತಮ್ಮಾ, ನಮ್ಮ ದೊಡ್ಡಿ ನಿಮ್ಮ ಪುಸ್ತಕದಾಗ ಇಲ್ಲೇನು?" ಎಂದು ಕೇಳಿದಳು.

ಇತ್ತು. ಪುಸ್ತಕದಲ್ಲಿ ದೊಡ್ಡಿಯಿತ್ತು, ಅದರ ಮುಂದೆ ನನ್ನ ಸೊನ್ನೆಯೂ ಇತ್ತು. ಆ ಬೇಸಿಗೆಯಲ್ಲಿ ಅಜ್ಜಿ ಉರಿಯುವ ಕಾಲನ್ನು ಬಾವಿಯ ನೀರಿನಲ್ಲಿಟ್ಟಿದ್ದಳು. ಬೇರೆ ದಾರಿ ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಹೋಗಿ ಒಂದು ಎಂದು ಬರೆದಿದ್ದರೆ ಬಾವಿಗೆ ಟೆಮೆಫಾಸ್ ಔಷಧಿ ಬೀಳುತ್ತಿತ್ತು, ಮನೆಮನೆಗೆ ನೀರು ಸೋಸುವ ಬಟ್ಟೆ ಬರುತ್ತಿತ್ತು. ಮೊಮ್ಮಗನು ಆ ನೀರನ್ನು ಹಾಗೆಯೇ ಕುಡಿದನು. ವರ್ಷ ಲೆಕ್ಕ ಹಾಕಿದರೆ ಸರಿಯಾಗಿ ಹೊಂದುತ್ತಿತ್ತು.

ಸಂಜೆ ಸರ್ ಅವರ ಮುಂದೆ ಎಲ್ಲವನ್ನೂ ಹೇಳಿದೆನು. ಅವರು ಬಯ್ಯಲಿಲ್ಲ, ಬಯ್ದಿದ್ದರೆ ಹಗುರವಾಗುತ್ತಿತ್ತೇನೋ. ಹಿಂದಿನ ವರ್ಷದ ಪುಸ್ತಕ ತೆಗೆದು, "ಅಳಿಸಬೇಡ. ಸೊನ್ನೆಯ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಒಂದು ಎಂದು ಬರೆದು ಸಹಿ ಮಾಡು. ಸೊನ್ನೆ ಕಾಣುತ್ತಿರಲಿ" ಎಂದರು. ಆಮೇಲೆ ಒಂದು ಸಣ್ಣ ಲೆಕ್ಕ ಕೊಟ್ಟರು. ಹಳ್ಳಿ ಮತ್ತು ದೊಡ್ಡಿ ಸೇರಿ ಜನಸಂಖ್ಯೆ ಸುಮಾರು 1,500. ಈ ವರ್ಷದ ರೋಗಿಗಳು ಆ ಮೂವರೇ. ಅಂದರೆ ಸಾವಿರಕ್ಕೆ ಇಬ್ಬರು. ಮೇಲಿನವರು ನೋಡಿದರೆ, ಪರವಾಗಿಲ್ಲ ಎನ್ನಬಹುದಾದ ಅಂಕಿ. ಆದರೆ ದೊಡ್ಡಿಯಲ್ಲಿದ್ದ ಜನ ಸುಮಾರು 60. ಅರವತ್ತರಲ್ಲಿ ಮೂವರೆಂದರೆ ಸಾವಿರಕ್ಕೆ ಐವತ್ತು! ಮೂರು ಎಂಬ ಅಂಕಿ ಎರಡೂ ಕಡೆ ಅದೇ. ಅದನ್ನು ಯಾವುದರಿಂದ ಭಾಗಿಸಿದೆವು ಎನ್ನುವುದರಲ್ಲಿ ದೊಡ್ಡಿಯ ಸಂಕಟ ಅಡಗಿತ್ತು. ಹಳ್ಳಿಯವರು ಸೇದುವ ಬಾವಿಯಿಂದ ನೀರು ತರುತ್ತಿದ್ದರು. ದೊಡ್ಡಿಗೆ ಮಾತ್ರ ಹಳೆಯ ಮೆಟ್ಟಿಲ ಬಾವಿ.

ಇದೇ ಭಾಗಾಕಾರವನ್ನು ಲಂಡನ್ ನಗರದ ವೈದ್ಯ ಜಾನ್ ಸ್ನೋ 1854ರ ಕಾಲರಾ ಹಾವಳಿಯಲ್ಲಿ ಮಾಡಿದ್ದನೆಂದು ಬಹಳ ವರ್ಷಗಳ ಮೇಲೆ ಓದಿದೆನು. ಒಂದೇ ಭಾಗದ ಬೀದಿಗಳಲ್ಲಿ ಎರಡು ಕಂಪನಿಗಳು ನೀರು ಒದಗಿಸುತ್ತಿದ್ದವು. ಒಂದು, ನಗರದ ಹೊಲಸು ಸೇರುವ ಕಡೆ ಥೇಮ್ಸ್ ನದಿಯಿಂದ ನೀರೆತ್ತುತ್ತಿತ್ತು. ಇನ್ನೊಂದು, ನದಿಯ ಮೇಲಿನ ಶುದ್ಧವಾದ ಭಾಗದಿಂದ. ಸತ್ತವರನ್ನು ಎಣಿಸಿ ಸ್ನೋ ಸುಮ್ಮನಾಗಲಿಲ್ಲ. ಯಾವ ಕಂಪನಿಯ ನೀರು ಎಷ್ಟು ಮನೆಗಳಿಗೆ ಹೋಗುತ್ತದೆಂದು ತಿಳಿದು ಭಾಗಿಸಿದನು. ಮೊದಲನೆಯದರಲ್ಲಿ ಹತ್ತು ಸಾವಿರ ಮನೆಗಳಿಗೆ 315 ಸಾವು, ಎರಡನೆಯದರಲ್ಲಿ 37. ಕಾಲರಾದ ರೋಗಾಣುವಿನ ಪರಿಚಯ ವೈದ್ಯಲೋಕಕ್ಕೆ ಆಗುವ ಮೊದಲೇ, ರೋಗ ನೀರಿನಲ್ಲಿ ಬರುತ್ತದೆಂದು ಈ ಅಂಕಿಗಳು ಹೇಳಿದವು. ಅಣ್ಣ ಕೇಳಿದ ಮೀಟರು ಇದೇ ಎಂದು ಅವನಿಗೆ ತೋರಿಸಿದೆನು. ಅವನು ಓದಿ, "ನಮ್ಮ ಮುಳ್ಳು ತಾನಾಗಿ ತಿರುಗತೈತಿ, ನಿಮ್ಮದು ನಡದು ಹೋಗಿ ತಿರುಗಿಸಬೇಕು" ಎಂದನು. ಅಣ್ಣನ ಮಾತು ಕೆಲವೊಮ್ಮೆ ಹೀಗೆ ಚುಚ್ಚುತ್ತದೆ.

ಭಾರತದ ಕೊನೆಯ ನಾರುಹುಣ್ಣಿನ ರೋಗಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ 1996ರ ಜುಲೈ ತಿಂಗಳಿನಲ್ಲಿ ಕಂಡುಬಂದನು. ಆದರೂ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ರೋಗಮುಕ್ತವೆಂದು ಘೋಷಿಸಿದುದು 2000ದ ಫೆಬ್ರವರಿಯಲ್ಲಿ. ಸೊನ್ನೆಯೆಂದು ಹೇಳಿದರೆ ಸಾಲದು. ಕನಿಷ್ಠ ಮೂರು ವರ್ಷ ಹುಡುಕುತ್ತಲೇ ಇದ್ದು, ಹುಡುಕಿದ್ದಕ್ಕೆ ದಾಖಲೆಯನ್ನಿಟ್ಟು, ಆ ಮೇಲೂ ಸೊನ್ನೆಯೇ ಆಗಿರಬೇಕು. ರೋಗಿಯ ಸುದ್ದಿ ತಂದವರಿಗೆ ಬಹುಮಾನ ಕೊಡುವ ಏರ್ಪಾಡೂ ಇತ್ತು. ಜಗತ್ತಿನಲ್ಲಿ 1986ರ ಹೊತ್ತಿಗೆ ಸುಮಾರು 35 ಲಕ್ಷ ರೋಗಿಗಳಿದ್ದರೆಂಬ ಅಂದಾಜಿದೆ. 2024ರಲ್ಲಿ ಕಂಡವರು 15 ಜನ. ಆ ಹದಿನೈದು ಜನರನ್ನು ಹುಡುಕಲು ಆಫ್ರಿಕದ ಹಳ್ಳಿಗಳಲ್ಲಿ ಎಷ್ಟು ಜನ, ಎಷ್ಟು ಬಿಸಿಲಿನಲ್ಲಿ ನಡೆದಿರಬೇಕು!

ದೊಡ್ಡಿಗೆ ನಾನು ಮೂರನೆಯ ವರ್ಷವೂ ಹೋದೆನು. ಮೆಟ್ಟಿಲುಗಳಿಗೆ ಗೋಡೆ ಕಟ್ಟಿ ಬಾವಿಗೆ ರಾಟೆ ಹಾಕಿದ್ದರು. ಹುಡುಗ ಹಿಂದಿನ ತರಗತಿಯಲ್ಲಿಯೇ ಮತ್ತೊಂದು ವರ್ಷ ಕುಳಿತು, ಈ ಸಲ ಪರೀಕ್ಷೆ ಬರೆದು ಬಂದಿದ್ದನು. ಹನ್ನೊಂದು ಮನೆಗಳಲ್ಲಿ ಯಾರಿಗೂ ನಾರು ಇರಲಿಲ್ಲ. ಅಜ್ಜಿ ಬಾಗಿಲಲ್ಲಿಯೇ ನಿಂತು ನನ್ನ ಪಟ್ಟಿಯ ಕಡೆ ನೋಡಿ, "ಈ ಸಲ ಸೊನ್ನಿ ಬರಕೊ ತಮ್ಮಾ. ಆದರ ಒಳಗ ಬಂದು, ನೋಡಿ ಬರಕೊ" ಎಂದಳು. ಒಳಗೆ ಹೋದೆನು. ಎಲ್ಲರ ಕಾಲುಗಳನ್ನೂ ನೋಡಿದೆನು. ಆಮೇಲೆ ಅವಳು ಕುಡಿಯಲು ನೀರು ಕೊಟ್ಟಳು. ಕೊಡದ ಬಾಯಿಗೆ ಬಿಳಿಯ ಬಟ್ಟೆ ಬಿಗಿದಿತ್ತು.