ಜಿಂಜರ್ ಬಿಯರ್‌ಗೆ ಕನಸು, ಪತ್ರೊಡೆಗೆ ನಾಚಿಕೆ

ಎನಿಡ್ ಬ್ಲೈಟನ್ ಅವರ ‘ಫೇಮಸ್ ಫೈವ್’ ಸರಣಿಯ ಮೊದಲ ಪುಸ್ತಕ ಬಂದಿದ್ದು 1942ರಲ್ಲಿ. ಯುದ್ಧದ ಕಾಲ. ಬ್ರಿಟನ್ನಿನಲ್ಲಿ 1940ರಿಂದ 1954ರವರೆಗೂ ಆಹಾರಕ್ಕೆ ರೇಷನ್ ಇತ್ತು. ಬೆಣ್ಣೆ, ಸಕ್ಕರೆಯನ್ನೆಲ್ಲ ತೂಗಿ ಕೊಡ್ತಿದ್ದ ದಿನಗಳಲ್ಲಿ ಅಲ್ಲಿನ ಮಕ್ಕಳು ಓದಿದ್ದು ಪಿಕ್ನಿಕ್ ಬುಟ್ಟಿಗಳ ಬಗ್ಗೆ: ಸ್ಯಾಂಡ್‌ವಿಚ್, ಕೇಕು, ಜಿಂಜರ್ ಬಿಯರ್! ನಾಲ್ಕು ಮಕ್ಕಳು, ಒಂದು ನಾಯಿ, ಕಳ್ಳರನ್ನು ಹಿಡಿಯೋದರ ಮಧ್ಯೆ ಭರ್ಜರಿ ತಿಂಡಿ.

ಹತ್ತು ವರ್ಷದ ನನ್ನ ಅಕ್ಕನ ಮಗಳಿಗೆ ಈ ಸರಣಿ ಅಂದ್ರೆ ಪ್ರಾಣ. ಬೆಂಗಳೂರಲ್ಲೇ ಬೆಳೆದವಳು. “ಚಿಕ್ಕಿ, ಒಂದ್ಸಲ ಜಿಂಜರ್ ಬಿಯರ್ ಕುಡೀಬೇಕು” ಅನ್ನೋದು ಅವಳ ಕನಸು.

ಕಳೆದ ಮಳೆಗಾಲದಲ್ಲಿ ಹೊಸನಗರದಿಂದ ಅಮ್ಮ ರಾತ್ರಿ ಬಸ್ಸಿಗೆ ಕೆಸುವಿನ ಎಲೆ ಕಳಿಸಿದ್ದಳು. ಅಕ್ಕ ಪತ್ರೊಡೆ ಮಾಡಿ ಟಿಫಿನ್‌ಗೆ ಹಾಕಿದಳು. ಡಬ್ಬಿ ಹಾಗೇ ವಾಪಸ್ ಬಂತು. “ಎಲೆ ತಿಂತೀಯಾ?” ಅಂತ ಯಾರೋ ನಕ್ಕರಂತೆ. “ಇನ್ಮೇಲೆ ಊರಿನ ತಿಂಡಿ ಬೇಡ. ಅಜ್ಜಿಗೆ ಮಾತ್ರ ಹೇಳ್ಬೇಡಿ” ಅಂದಳು. ಆ ಕೊನೆಯ ಮಾತಿಗೆ ನನ್ನ ಕರುಳು ಚುರ್ ಅಂತು.

ಜಿಂಜರ್ ಬಿಯರ್ ಅವಳು ಕಣ್ಣಲ್ಲೂ ನೋಡಿಲ್ಲ. ಅದಕ್ಕೆ ರುಚಿ ಹತ್ತಿಸಿದ್ದು ಕಥೆ. ಪತ್ರೊಡೆಗೆ ಅವಳ ಮನಸ್ಸಲ್ಲಿ ಕಥೆಯೇ ಇಲ್ಲ.

ಹಾಗಂತ ನಮ್ಮಲ್ಲಿ ಕಥೆಗೇನು ಬರವೇ? ಜಡಿಮಳೆ ಹಿಡಿದರೆ ಹಿಂದೆಲ್ಲ ಪೇಟೆ ತರಕಾರಿ ಎಲ್ಲಿಂದ ಬರಬೇಕಿತ್ತು? ಹಿತ್ತಲಿನ ಕೆಸು, ತಂಬುಳಿಗೆ ಒಂದೆಲಗ, ಕಾಡಿನ ಕಳಲೆಯೇ ಗತಿ. ಅವೂ ಸುಲಭಕ್ಕೆ ಬಗ್ಗಲ್ಲ. ಕೆಸುವಿಗೆ ಹುಳಿ ಕಮ್ಮಿಯಾದ್ರೆ ಗಂಟಲು ತುರಿಸುತ್ತೆ. ಕಳಲೆಯನ್ನು ಹೆಚ್ಚಿ, ನೀರು ಬದಲಿಸ್ತಾ ಎರಡು-ಮೂರು ದಿನ ನೆನೆಸಬೇಕು. ಹಸಿಯಾಗಿ ತಿಂದರೆ ವಿಷ. ಇದಕ್ಕಿಂತ ಪತ್ತೇದಾರಿ ಬೇಕಾ?

ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಲ್ಲೇ ಬಂತು. ಆದರೆ ನಮ್ಮ ಹುಡುಗಿ ಕನ್ನಡವನ್ನು ಇನ್ನೂ ಕೂಡಿಸಿ ಕೂಡಿಸಿ ಓದ್ತಾಳೆ. ಅಲ್ಲಿಗೆ ತಲುಪೋಕೆ ಒಂದು ಮೆಟ್ಟಿಲು ಬೇಕಿತ್ತು.

ಹಾಗಾಗಿ ಈಗ ಪ್ರತಿ ಭಾನುವಾರ ವಿಡಿಯೋ ಕಾಲ್. ಅಮ್ಮ ಹೇಳ್ತಾಳೆ, ನಾನು ಟೈಪ್ ಮಾಡ್ತೀನಿ, ಅವಳು ಓದಿ ತಪ್ಪು ಹುಡುಕ್ತಾಳೆ. ನಾಯಕಿ ತೀರ್ಥಹಳ್ಳಿಯ ತಿಂಡಿಪೋತಿ. ಗೆಳೆಯ ಹೊಸನಗರದವನು, ಗೆಳತಿ ಸಾಗರದವಳು. ಮೊದಲ ಕೇಸು: ಭರಣಿಯ ಅಪ್ಪೆಮಿಡಿ ಕದ್ದವರು ಯಾರು? ಮೂರು ಅಧ್ಯಾಯ ಆಗಿದೆ. ಆಫೀಸಿನ ಕೋಡ್ ರಿವ್ಯೂಗಿಂತ ಇವಳ ರಿವ್ಯೂ ಕಠಿಣ: “ಚಿಕ್ಕಿ, ಇದನ್ನ ಓದಿದ್ರೆ ಹಸಿವೇ ಆಗಲ್ಲ, ಬೇರೆ ಬರಿ!”

ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ, ಊರಿಗೆ ಫೋನ್ ಮಾಡಿದಾಗ ರೆಸಿಪಿ ಕೇಳ್ಬೇಡಿ, ಅದು ಯೂಟ್ಯೂಬಲ್ಲಿ ಸಿಗುತ್ತೆ. “ಚಿಕ್ಕವಳಿದ್ದಾಗ ಇದನ್ನ ಕದ್ದು ತಿಂದಿದ್ಯಾ?” ಅಂತ ಕೇಳಿ. ಆ ಉತ್ತರ ಅಮ್ಮಂದಿರ ಹತ್ತಿರ ಮಾತ್ರ ಇರುತ್ತೆ.