ತೂಕವೂ ತಾಳ್ಮೆಯೂ

ಕನ್ನಡದಲ್ಲಿ 'ತೂಕ' ಎಂಬ ಪದಕ್ಕೆ ಎರಡು ಮುಖಗಳಿವೆ. ಒಬ್ಬರ ಮಾತಿಗೆ ತೂಕವುಂಟು ಎಂದರೆ ಅದು ಪ್ರಶಂಸೆ. ಅವರ ಶರೀರಕ್ಕೆ ತೂಕವುಂಟು ಎಂದರೆ ಅದು ಪರಿಹಾಸ. 'ತಾಳ್ಮೆ' ಎಂಬ ಪದಕ್ಕಾದರೋ ಎಲ್ಲ ಕಡೆಗೂ ಗೌರವವೇ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ದೂರದ ಓಟ, ದೂರದ ಈಜು, ದೂರದ ಸೈಕಲ್ ಸವಾರಿ ಇವೆಲ್ಲವೂ ತಾಳ್ಮೆಯ ಕ್ರೀಡೆಗಳು. ಈ ಕ್ರೀಡೆಗಳಲ್ಲಿ ಪಳಗಿದವರ ಮೈ ತನ್ನಷ್ಟಕ್ಕೆ ತಾನೇ ಇಳಿಯುವುದೆಂಬುದು ಲೋಕದ ನಂಬಿಕೆ. ತಾಳ್ಮೆ ಬಂದರೆ ತೂಕ ಹೋಗುವುದು ಎಂಬ ಈ ಸುಲಭಸೂತ್ರವನ್ನು ದಾವಣಗೆರೆಯ ಗಣಿತದ ಮೇಷ್ಟ್ರೊಬ್ಬರು ಪೂರ್ಣವಿಶ್ವಾಸದಿಂದ ಕೈಗೆತ್ತಿಕೊಂಡರು. ಅವರಿಗೆ ದೊರೆತ ಉತ್ತರ ಸೂತ್ರಕ್ಕೆ ಹೊಂದಲಿಲ್ಲ.

ಮೇಷ್ಟ್ರಿಗೆ ಆಗ 46 ವರ್ಷ. ಎತ್ತರ 168 ಸೆಂಟಿಮೀಟರು, ತೂಕ 84 ಕಿಲೋ. ಅವರ ತಂದೆಯವರು ಸಕ್ಕರೆ ಕಾಯಿಲೆಯಿಂದ ಬಹಳ ನರಳಿ, ಕಡೆಗಾಲದಲ್ಲಿ ಒಂದು ಕಾಲನ್ನೂ ಕಳೆದುಕೊಂಡು ತೀರಿಹೋಗಿದ್ದರು. ಆ ನೋವು ಮನೆಯಲ್ಲಿ ಇನ್ನೂ ಆರಿರಲಿಲ್ಲ. ಹೀಗಿರಲು ಮೇಷ್ಟ್ರ ರಕ್ತವನ್ನು ಪರೀಕ್ಷಿಸಿದ ವೈದ್ಯರು, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಅಂಕಿ ಶೇಕಡಾ 6.2 ಇದೆಯೆಂದೂ, 5.7ರಿಂದ 6.4ರವರೆಗಿನದು ಕಾಯಿಲೆಯ ಹೊಸ್ತಿಲೆಂದೂ, 6.5ಕ್ಕೆ ಹೊಸ್ತಿಲು ದಾಟಿದಂತೆಯೇ ಎಂದೂ ತಿಳಿಸಿದರು. ಅಂದಿನ ರಾತ್ರಿ ಮೇಷ್ಟ್ರಿಗೆ ನಿದ್ರೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಅವರು ಸಂಕಲ್ಪ ಮಾಡಿಯಾಗಿತ್ತು: ಓಡಬೇಕು, ಒಂದಲ್ಲ ಒಂದು ದಿನ ಅರ್ಧ ಮ್ಯಾರಥಾನ್, ಎಂದರೆ 21 ಕಿಲೋಮೀಟರಿಗೂ ತುಸು ಹೆಚ್ಚಿನ ದೂರವನ್ನು, ನಿಲ್ಲದೆ ಓಡಿ ಮುಗಿಸಬೇಕು.

ಮೇಷ್ಟ್ರ ಎದುರಿಗೆ ಒಂದು ಆದರ್ಶವೂ ಇತ್ತು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಭಾರತದ ಪರವಾಗಿ ಮ್ಯಾರಥಾನ್ ಓಡಿ, 19ನೆಯವರಾಗಿ ಗುರಿ ಮುಟ್ಟಿದರು. ಆ ವರ್ಷದ ಓಟದ ದೂರ ಇಂದಿನ 42.195 ಕಿಲೋಮೀಟರಿಗಿಂತಲೂ ಹೆಚ್ಚು, 42.75 ಕಿಲೋಮೀಟರು. ಈ ವೃತ್ತಾಂತವನ್ನು ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಮೇಷ್ಟ್ರು ಈಗ ತಮಗೇ ಹೇಳಿಕೊಂಡು ಕುಂದವಾಡ ಕೆರೆಯ ಏರಿಯ ಮೇಲೆ ಹೆಜ್ಜೆಯಿಟ್ಟರು.

ಗಣಿತದವರಾದುದರಿಂದ ಮೊದಲು ಲೆಕ್ಕ ಬರೆದರು. ಓಟಗಾರನು ಒಂದು ಕಿಲೋಮೀಟರು ಓಡಿದರೆ ಅವನ ಶರೀರದ ಪ್ರತಿ ಕಿಲೋ ತೂಕಕ್ಕೆ ಸುಮಾರು ಒಂದು ಕ್ಯಾಲೊರಿ ವೆಚ್ಚವಾಗುತ್ತದೆಂಬುದು ಸ್ಥೂಲನಿಯಮ. 84 ಕಿಲೋ ತೂಕದವರು ದಿನಕ್ಕೆ 5 ಕಿಲೋಮೀಟರು ಓಡಿದರೆ 420 ಕ್ಯಾಲೊರಿ. ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 7,700 ಕ್ಯಾಲೊರಿ. ಆರು ತಿಂಗಳಿಗೆ 182 ದಿನ. ಗುಣಿಸಿ ಭಾಗಿಸಿದರೆ ಬರುವ ಉತ್ತರ 10 ಕಿಲೋಗಳಿಗೆ ಕೂದಲೆಳೆಯಷ್ಟು ಕಡಿಮೆ. ಅಂದಮೇಲೆ 84 ಕಿಲೋ 74 ಆಗಲೇಬೇಕು. ಉತ್ತರದ ಕೆಳಗೆ ಎರಡು ಗೆರೆ ಎಳೆದು, ನಡುಮನೆಗೆ ಒಂದು ಹೊಸ ತೂಕದ ಯಂತ್ರವನ್ನೂ ತಂದಿರಿಸಿದರು.

ಒಂದು ತಿಂಗಳಾಯಿತು. ಯಂತ್ರ 85 ಕಿಲೋ ತೋರಿಸಿತು. ಮೇಷ್ಟ್ರು ಯಂತ್ರವನ್ನು ಗೋಡೆಯ ಬಳಿಯಿಂದ ಎತ್ತಿ ಬಾಗಿಲ ಬಳಿ ಇಟ್ಟು ನೋಡಿದರು, ಅಲ್ಲಿಯೂ 85. ಯಂತ್ರ ಸುಳ್ಳು ಹೇಳಿರಲಿಲ್ಲ. ಆದರೆ ಕೊಬ್ಬು ಬೆಳೆದಿತ್ತೆಂಬುದೂ ನಿಜವಲ್ಲ. ಅಭ್ಯಾಸಕ್ಕೆ ತೊಡಗಿದ ಸ್ನಾಯುಗಳು ಮುಂದಿನ ಓಟಕ್ಕೆಂದು ಗ್ಲೈಕೋಜನ್ ಎಂಬ ಪಿಷ್ಟರೂಪದ ಇಂಧನವನ್ನು ಮೊದಲಿಗಿಂತ ಹೆಚ್ಚಾಗಿ ಕೂಡಿಡುತ್ತವೆ. ಅದರ ಪ್ರತಿಯೊಂದು ಗ್ರಾಮಿನ ಜೊತೆಗೆ ಸುಮಾರು ಮೂರು ಗ್ರಾಂ ನೀರು ಸೇರಿಕೊಳ್ಳುತ್ತದೆ. ಹೊಸ ಶ್ರಮದಿಂದ ನೊಂದ ಸ್ನಾಯುಗಳು ದುರಸ್ತಿಗಾಗಿಯೂ ನೀರನ್ನು ಹಿಡಿದಿಡುತ್ತವೆ. ದೂರದ ಪಯಣಕ್ಕೆ ಹೊರಟವನು ಬುತ್ತಿಯನ್ನೂ ನೀರನ್ನೂ ಕಟ್ಟಿಕೊಂಡಂತೆ ಇದು. ತಕ್ಕಡಿಗೆ ಬುತ್ತಿ ಯಾವುದು, ಬೊಜ್ಜು ಯಾವುದು ಎಂಬ ವಿವೇಕವಿಲ್ಲ. ಅದು ಎಲ್ಲವನ್ನೂ ಕೂಡಿ ಒಂದೇ ಅಂಕಿ ಹೇಳುತ್ತದೆ.

ಆರು ತಿಂಗಳ ಕೊನೆಗೆ ಯಂತ್ರದಲ್ಲಿ ಕಂಡದ್ದು 83. ಹತ್ತು ಕಿಲೋ ಇಳಿಯಬೇಕಾದಲ್ಲಿ ಇಳಿದದ್ದು ಒಂದೇ ಕಿಲೋ! ಮಿಕ್ಕ ಒಂಬತ್ತು ಎಲ್ಲಿ ಅಡಗಿದವು? ಮೇಷ್ಟ್ರ ಧರ್ಮಪತ್ನಿಯವರಿಗೆ ಅದು ತಿಳಿದಿತ್ತು. ಓಡಲು ತೊಡಗಿದ ಮೇಲೆ ಮೇಷ್ಟ್ರ ಹಸಿವು ಇಮ್ಮಡಿಸಿತ್ತು. ಎರಡು ರೊಟ್ಟಿಯ ಸ್ಥಳದಲ್ಲಿ ಮೂರು ರೊಟ್ಟಿ ತಾವೇ ಬಂದು ಕುಳಿತಿದ್ದವು. ಭಾನುವಾರದ ದೀರ್ಘ ಓಟ ಮುಗಿದ ಮೇಲೆ ಜೊತೆಗಾರರೊಡನೆ ಬೆಣ್ಣೆದೋಸೆಯ ಹೋಟೆಲಿಗೆ ಹೋಗುವುದು ಅಭ್ಯಾಸದ ಒಂದು ಅಂಗವೇ ಆಗಿತ್ತು. ದುಡಿದವರು ಉಣ್ಣಬಾರದೇ ಎಂಬುದು ಅವರ ವಾದ. ಸಂಜೆ ಮಂಡಕ್ಕಿ ಮೆಣಸಿನಕಾಯಿಯ ತಟ್ಟೆ ಬಂದರೂ ಅದೇ ವಾದ ಹೊರಬರುತ್ತಿತ್ತು. ಇದಲ್ಲದೆ, ಮೊದಲು ಮಾರುಕಟ್ಟೆಗೆ ನಡೆದು ಹೋಗುತ್ತಿದ್ದವರು ಈಗ ಕಾಲು ದಣಿದಿದೆಯೆಂದು ಸ್ಕೂಟರು ಏರುತ್ತಿದ್ದರು. ಮಧ್ಯಾಹ್ನ ಗಿಡಗಳಿಗೆ ಪಾತಿ ಮಾಡುತ್ತಿದ್ದವರು ಆರಾಮಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಬೆಳಗಿನ ಮುಕ್ಕಾಲು ಗಂಟೆಯ ಗಳಿಕೆ ಉಳಿದ ಇಪ್ಪತ್ತಮೂರು ಗಂಟೆಗಳಲ್ಲಿ ಚಿಲ್ಲರೆ ಚಿಲ್ಲರೆಯಾಗಿ ಕರಗುತ್ತಿತ್ತು. ಮದುವೆಮನೆಗಳಲ್ಲಿ ಬಂಧುಗಳು, 'ಓಡ್ತೀರಂತಲ್ಲ ಮೇಷ್ಟ್ರೆ, ನೋಡಿದ್ರೆ ಹಾಗೇನೂ ಕಾಣಿಸೋದಿಲ್ಲ' ಎಂದು ನಗುತ್ತಿದ್ದರು. ಮೇಷ್ಟ್ರೂ ನಗುತ್ತಿದ್ದರು, ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ.

ಇದು ಒಬ್ಬ ಮೇಷ್ಟ್ರ ದೌರ್ಬಲ್ಯ ಮಾತ್ರವಲ್ಲ. ಮನುಷ್ಯಶರೀರದ ಸ್ವಭಾವವೇ ಹೀಗೆ. ಆಫ್ರಿಕದ ತಾಂಜಾನಿಯಾ ದೇಶದ ಉತ್ತರಭಾಗದಲ್ಲಿ ಹಾಡ್ಜಾ ಎಂಬ ಜನರಿದ್ದಾರೆ. ಬೇಟೆಯಾಡಿ, ಗೆಡ್ಡೆಗೆಣಸು ಅಗೆದು, ಜೇನು ಕಿತ್ತು ಬದುಕುವವರು. ದಿನವೂ ಹಲವು ಕಿಲೋಮೀಟರು ನಡೆಯುವವರು. ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಅವರ ದಿನದ ಶಕ್ತಿವೆಚ್ಚವನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ಮೈಯ ಗಾತ್ರವನ್ನು ಗಣನೆಗೆ ತೆಗೆದುಕೊಂಡರೆ, ಆ ವೆಚ್ಚವು ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ ಪಾಶ್ಚಾತ್ಯರ ವೆಚ್ಚಕ್ಕಿಂತ ಹೆಚ್ಚೇನೂ ಇರಲಿಲ್ಲ! 2015ರಲ್ಲಿ ಕೆಲವರು ಕ್ಯಾಲಿಫೋರ್ನಿಯಾದಿಂದ ವಾಷಿಂಗ್‌ಟನ್ನಿನವರೆಗೆ, ವಾರಕ್ಕೆ ಆರು ಮ್ಯಾರಥಾನಿನಂತೆ, ಸುಮಾರು ಇಪ್ಪತ್ತು ವಾರ ಓಡಿದರು. ಅವರನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಡೆಯ ವಾರಗಳಲ್ಲಿ ಅವರ ಶರೀರಗಳು ಲೆಕ್ಕಕ್ಕಿಂತ ದಿನಕ್ಕೆ ಸುಮಾರು 600 ಕ್ಯಾಲೊರಿ ಕಡಿಮೆ ವೆಚ್ಚಮಾಡುತ್ತಿದ್ದವು. ಈ ಮಿತವ್ಯಯ ಎಷ್ಟರಮಟ್ಟಿನದೆಂಬ ಬಗೆಗೆ ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ. ಆದರೆ ಒಂದು ಮಾತು ಸ್ಪಷ್ಟ: ಶರೀರವು ಲೆಕ್ಕದ ಪುಸ್ತಕವಲ್ಲ, ಜಾಣ ಗೃಹಿಣಿ. ಒಂದು ಕಡೆ ವೆಚ್ಚ ಹೆಚ್ಚಿದರೆ ಮತ್ತೊಂದು ಕಡೆ ಕೈ ಬಿಗಿಹಿಡಿಯುತ್ತದೆ.

ಪ್ರಾಚೀನರು ಈ ಸೂಕ್ಷ್ಮವನ್ನು ತಮ್ಮ ದಾರಿಯಲ್ಲಿ ಕಂಡಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಸ್ಥೂಲನ ವಿಚಾರ ವಿಸ್ತಾರವಾಗಿ ಬಂದಿದೆ. ಅವನ ಜಠರಾಗ್ನಿ ತೀವ್ರವಾಗಿರುವುದರಿಂದ ಉಂಡದ್ದು ಬೇಗ ಜೀರ್ಣವಾಗಿ ಮತ್ತೆ ಹಸಿವಾಗುವುದೆಂದು ಅಲ್ಲಿ ಹೇಳಿದೆ. ಅದಕ್ಕೆ ಪರಿಹಾರವೂ ಉಪವಾಸವಲ್ಲ. ಹೊಟ್ಟೆಗೆ ಗುರುವಾಗಿದ್ದು ಮೈ ಬೆಳೆಸದ ಆಹಾರವನ್ನು ಕೊಡಬೇಕೆಂಬುದು ಚರಕನ ಮತ. ವ್ಯಾಯಾಮವನ್ನಾದರೂ ಒಮ್ಮೆಗೇ ಅಲ್ಲ, ಕ್ರಮಕ್ರಮವಾಗಿ ಹೆಚ್ಚಿಸಬೇಕೆಂದೇ ವಿಧಿ. ಸುಶ್ರುತನಂತೂ ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಮಿತಿಯನ್ನೇ ಗೊತ್ತುಪಡಿಸಿದ್ದಾನೆ. ಜೊತೆಗಾರರೊಡನೆ ಮಾತಾಡುತ್ತಾ ಓಡಲು ಸಾಧ್ಯವಾಗುವಷ್ಟೇ ವೇಗದಲ್ಲಿ ಹೆಚ್ಚಿನ ಅಭ್ಯಾಸ ನಡೆಯಬೇಕೆಂದು ಇಂದಿನ ಓಟದ ತರಬೇತುದಾರರು ಹೇಳುವುದೂ ಇದಕ್ಕೆ ದೂರವಲ್ಲ.

ಆದರೆ ಮೇಷ್ಟ್ರು ಆಗ ಇದಾವುದನ್ನೂ ಆಲೋಚಿಸುವ ಸ್ಥಿತಿಯಲ್ಲಿರಲಿಲ್ಲ. ಯಂತ್ರದ ಮೇಲೆ ಅವರಿಗೆ ಹಠ ಹುಟ್ಟಿತ್ತು. ಓಟವನ್ನು ಹೆಚ್ಚಿಸಿ ರಾತ್ರಿಯ ಊಟವನ್ನು ಬಿಟ್ಟರು. ಬೆಳಗ್ಗೆ ಎದ್ದೊಡನೆ ಒಮ್ಮೆ, ಓಡಿ ಬಂದ ಮೇಲೆ ಒಮ್ಮೆ ತೂಕ ನೋಡುವುದು ಮನೆಯ ನಿತ್ಯವಿಧಿಯಾಯಿತು. ಅಂಕಿ ಇಳಿದ ದಿನ ಮನೆಯಲ್ಲಿ ಹಬ್ಬ, ಏರಿದ ದಿನ ಮೌನ.

ಈ ಹಬ್ಬವನ್ನೂ ಮೌನವನ್ನೂ ಹದಿನಾರು ವರ್ಷದ ಮಗಳು ನೋಡುತ್ತಿದ್ದಳು. ಅವಳು ಶಾಲೆಯ ಓಟಗಾರ್ತಿ. 1500 ಮತ್ತು 3000 ಮೀಟರುಗಳಲ್ಲಿ ಜಿಲ್ಲಾಮಟ್ಟಕ್ಕೆ ಆಯ್ಕೆಯಾಗಿದ್ದವಳು. ಅವಳ ಮೈಯಲ್ಲಿ ಕಳೆದುಕೊಳ್ಳಬೇಕಾದ ತೂಕವೇನೂ ಇರಲಿಲ್ಲ. ಆದರೂ ಒಂದು ರಾತ್ರಿ, 'ಅಪ್ಪಾಜಿ, ನಿಮಗೆ ಬೇಡವಾದ ಊಟ ನನಗೂ ಬೇಡ' ಎಂದು ತಟ್ಟೆ ಸರಿಸಿದಳು. ತಂದೆಗೆ ಅದು ಶಿಸ್ತಾಗಿ ಕಂಡಿತು. ಮೊದಮೊದಲು ಅವಳ ಓಟದ ಸಮಯವೂ ತುಸು ಸುಧಾರಿಸಿತು. ಮೈದಾನದಲ್ಲಿ ಹೊಗಳಿಕೆಯೂ ದೊರೆಯಿತು. ಬಳಿಕ ಅವಳು ನಿಧಾನವಾಗತೊಡಗಿದಳು. ಪಾಠದಲ್ಲಿ ಮನಸ್ಸು ನಿಲ್ಲದಾಯಿತು. ನಾಲ್ಕು ತಿಂಗಳಿಂದ ಮುಟ್ಟು ನಿಂತಿದ್ದ ಸಂಗತಿಯನ್ನು ತಾಯಿಗೂ ಹೇಳಿರಲಿಲ್ಲ. ಒಂದು ಬೆಳಗ್ಗೆ ಮೊಣಕಾಲ ಕೆಳಗಿನ ಮೂಳೆಯ ನೋವಿನಿಂದ ಕುಂಟುತ್ತಾ ಮನೆಗೆ ಬಂದಾಗ ಎಲ್ಲವೂ ಹೊರಬಿದ್ದಿತು. ಪರೀಕ್ಷೆಯಲ್ಲಿ ಮೂಳೆಯೊಳಗೆ ಕೂದಲೆಳೆಯಂಥ ಬಿರುಕು ಕಂಡಿತು.

ಡಾಕ್ಟರಮ್ಮನವರು ತಂದೆಯನ್ನೂ ಮಗಳನ್ನೂ ಎದುರಿಗೆ ಕೂರಿಸಿಕೊಂಡು ವಿವರಿಸಿದರು. ಓಟಕ್ಕೆ ತಕ್ಕ ಆಹಾರ ದೊರೆಯದಿದ್ದರೆ ಶರೀರವು ತಾನಿರುವುದಕ್ಕೆ ತೀರ ಅವಶ್ಯವಲ್ಲದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ. ಮುಟ್ಟು ನಿಲ್ಲುತ್ತದೆ, ಮೂಳೆಯನ್ನು ಕಟ್ಟುವ ಕಾರ್ಯ ಕುಂಠಿತವಾಗುತ್ತದೆ, ರೋಗನಿರೋಧಶಕ್ತಿ, ಲವಲವಿಕೆ, ನಿದ್ರೆ ಎಲ್ಲವೂ ಬಡವಾಗುತ್ತವೆ. ಕ್ರೀಡಾಪಟುಗಳಲ್ಲಿ ಕಾಣುವ ಈ ಶಕ್ತಿನ್ಯೂನತೆಯ ವಿಚಾರವಾಗಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2014ರಲ್ಲಿ ಎಚ್ಚರಿಕೆಯ ಹೇಳಿಕೆಯನ್ನೇ ಹೊರಡಿಸಿತು. ಇದು ಹುಡುಗಿಯರಿಗೆ ಮಾತ್ರ ಬರುವುದಲ್ಲ, ಹುಡುಗರಿಗೂ ಉಂಟು. ಮೂಳೆ ಗಟ್ಟಿಯಾಗಬೇಕಾದ ಹರೆಯದಲ್ಲಿ ಹೀಗಾದರೆ ಆ ನಷ್ಟವನ್ನು ಮುಂದೆ ತುಂಬಿಕೊಳ್ಳುವುದು ಕಷ್ಟ. ಇಷ್ಟು ಹೇಳಿ, 'ಮೇಷ್ಟ್ರೆ, ಮನೆಯಲ್ಲಿ ತೂಕದ ಮಾತು ಆಡೋದನ್ನ ನಿಲ್ಲಿಸಿ. ಮೊದಲು ಇಬ್ಬರೂ ರಾತ್ರಿ ಊಟ ಮಾಡಿ' ಎಂದರು.

ಅಂದು ಸಂಜೆಯೇ ತೂಕದ ಯಂತ್ರ ನಡುಮನೆಯಿಂದ ಅಟ್ಟಕ್ಕೆ ಏರಿತು. ಮಗಳಿಗೆ ಎಂಟು ವಾರ ಓಟವಿಲ್ಲ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು, ಶೇಂಗಾ ಚಟ್ನಿ, ರಾತ್ರಿ ಒಂದು ಲೋಟ ಹಾಲು ಇವೇ ಅವಳ ಔಷಧಗಳು. ಐದನೆಯ ತಿಂಗಳಿಗೆ ಮುಟ್ಟು ಮರಳಿತು. ಆ ದಿನ ತಾಯಿ ದೇವರ ಮುಂದೆ ದೀಪ ಹಚ್ಚಿದ ಕಾರಣ ಮನೆಯ ಮೂವರಿಗೆ ಮಾತ್ರ ತಿಳಿದಿತ್ತು.

ಮೇಷ್ಟ್ರ ಕ್ರಮವೂ ಬದಲಾಯಿತು. ಓಟ ತಿಂದದ್ದಕ್ಕೆ ದಂಡವಲ್ಲ, ಊಟ ಓಡಿದ್ದಕ್ಕೆ ಬಹುಮಾನವೂ ಅಲ್ಲ ಎಂದು ಎರಡರ ಲೆಕ್ಕವನ್ನೂ ಬೇರೆಮಾಡಿದರು. ಓಡಿ ಬಂದ ಅರ್ಧ ಗಂಟೆಯೊಳಗೆ ಮನೆಯ ತಿಂಡಿಯನ್ನು ತಿಂದರು. ಆದಕಾರಣ ಹೋಟೆಲಿನ ಆಸೆ ತಾನೇ ತಗ್ಗಿತು. ಚಹದ ಸಕ್ಕರೆ, ಸಂಜೆಯ ಕರಿದ ತಿಂಡಿ ಕಡಿಮೆಯಾದವು. ಬೆಣ್ಣೆದೋಸೆಯನ್ನು ಪೂರ್ತಿ ಬಿಡಲಿಲ್ಲ, ತಿಂಗಳಿಗೊಮ್ಮೆ ಎಂದಾಯಿತು. ಮಾರುಕಟ್ಟೆಗೆ ಮತ್ತೆ ನಡೆದುಹೋದರು. ಸ್ನಾಯುಗಳು ಸವೆಯದಿರಲೆಂದು ವಾರಕ್ಕೆರಡು ದಿನ ಗರಡಿಯವರಂತೆ ಬಸ್ಕಿ ಹೊಡೆದರು.

ಒಂದೂವರೆ ವರ್ಷದ ಮೇಲೆ ಅವರ ತೂಕ 79 ಕಿಲೋ. ಮೊದಲಿನ ಲೆಕ್ಕದ ಉತ್ತರಕ್ಕೆ ಇದರಲ್ಲಿ ಅರ್ಧ ಅಂಕವೂ ದೊರೆಯದು. ಆದರೆ ವಿಶ್ರಾಂತಿಯಲ್ಲಿ ನಿಮಿಷಕ್ಕೆ 82 ಸಲ ಮಿಡಿಯುತ್ತಿದ್ದ ನಾಡಿ 64ಕ್ಕೆ ಇಳಿದಿತ್ತು. ದರ್ಜಿ ಷರಾಯಿಯ ಸೊಂಟವನ್ನು ಎರಡು ಸಲ ಒಳಕ್ಕೆ ಹಿಡಿದಿದ್ದ. 6.2 ಇದ್ದ ಸಕ್ಕರೆಯ ಅಂಕಿ 5.6 ಆಗಿತ್ತು. ವ್ಯಾಯಾಮದಿಂದ ತೂಕ ಹೆಚ್ಚು ಇಳಿಯದಿದ್ದರೂ ಹೊಟ್ಟೆಯೊಳಗಿನ ಕೇಡಿನ ಕೊಬ್ಬು ಕರಗುತ್ತದೆ, ರಕ್ತದ ಸಕ್ಕರೆಯನ್ನು ಸ್ನಾಯುಗಳು ಸುಲಭವಾಗಿ ಹೀರಿಕೊಳ್ಳುತ್ತವೆ, ರಕ್ತದೊತ್ತಡ ತಗ್ಗುತ್ತದೆ. ತಕ್ಕಡಿ ಇದಾವುದನ್ನೂ ತೂಗಲಾರದು. ಆ ವರ್ಷ ಅವರು 21 ಕಿಲೋಮೀಟರನ್ನು ಎರಡೂವರೆ ಗಂಟೆಗೂ ಮೀರಿ, ಆದರೆ ಎಲ್ಲಿಯೂ ನಿಲ್ಲದೆ, ಓಡಿ ಮುಗಿಸಿದರು.

ಶಾಲೆಗಳನ್ನು ನಡೆಸುವವರಿಗೂ ಇದರಲ್ಲಿ ಒಂದು ವಿಚಾರವಿದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಗಿ ಅಂಕಿಯನ್ನು ಗಟ್ಟಿಯಾಗಿ ಕೂಗುವ ಪದ್ಧತಿ ಎಲ್ಲಿಯಾದರೂ ಉಳಿದಿದ್ದರೆ ಅದು ನಿಲ್ಲುವುದು ಒಳ್ಳೆಯದು. 'ಇಳಿಸು, ಇನ್ನೂ ಬೇಗ ಓಡುವೆ' ಎಂದು ಮೈದಾನದಲ್ಲಿ ಹಗುರವಾಗಿ ಆಡಿದ ಮಾತು ಮಗುವಿನ ಮನಸ್ಸಿನಲ್ಲಿ ಹಗುರವಾಗಿ ಉಳಿಯುವುದಿಲ್ಲ. ಕ್ರೀಡಾದಿನಕ್ಕೆ ಕಪ್ಪು, ಷೀಲ್ಡುಗಳನ್ನು ಕೊಡುವ ದಾನಿಗಳು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರ ಔದಾರ್ಯ ದೊಡ್ಡದು. ಬೆಳಗಿನ ಜಾವ ಬರಿಹೊಟ್ಟೆಯಲ್ಲಿ ಮೈದಾನಕ್ಕೆ ಬರುವ ಮಕ್ಕಳಿಗೆ, ಅಭ್ಯಾಸ ಮುಗಿದ ಮೇಲೆ ಒಂದು ಹಿಡಿ ನೆನೆಸಿದ ಕಡಲೆ, ಒಂದು ಬಾಳೆಹಣ್ಣು, ಒಂದು ಲೋಟ ಹಾಲು ದೊರೆಯುವ ಏರ್ಪಾಡಿಗೂ ಆ ಔದಾರ್ಯದ ಒಂದು ಪಾಲು ಸಂದರೆ, ಆ ಮಕ್ಕಳ ಮೂಳೆಗಳು ಅದನ್ನು ಬಹುಕಾಲ ನೆನೆಯುವುವು.